ಕರ್ಮಪದವಿಲ್ಲದ ಉದ್ಯೋಗ

ಹಳೆಯ ಕಡತಗಳ ಕೋಣೆಯ ಗುಮಾಸ್ತರಿಗೆ ಜನಗಣತಿಯ ಪುಸ್ತಕಗಳಲ್ಲಿರುವವರೆಲ್ಲ ನೆಂಟರಿದ್ದಂತೆ. "ಕಲಾಯಿಯವನು ಅಂದ್ರೆ ಪಾತ್ರೆಗೆ ತವರ ಬಳಿಯೋನು ಕಣಪ್ಪ. ಪಾಪ, ಕೆಮ್ಮು ಜಾಸ್ತಿ ಅವನಿಗೆ," ಎನ್ನುವರು, ಸತ್ತು ನೂರು ವರ್ಷವಾದವನನ್ನು ಈಗ ತಾನೇ ಬೀಳ್ಕೊಟ್ಟು ಬಂದವರಂತೆ. ಒಮ್ಮೆ ಒಬ್ಬಾಕೆ ತನ್ನ ಮುತ್ತಜ್ಜಿಯ ಉದ್ಯೋಗವನ್ನು ಹುಡುಕಿಕೊಂಡು ಬಂದಳು. ಪುಸ್ತಕದಲ್ಲಿ 'ಕಾಯುವವಳು' ಎಂದಷ್ಟೇ ಇತ್ತು. "ಏನು ಕಾಯ್ತಿದ್ರು ಸರ್? ತೋಟಾನಾ, ಮಕ್ಕಳನ್ನಾ?" "ಕರ್ಮಪದವೇ ಇಲ್ಲವಲ್ಲಮ್ಮ," ಎಂದು ಗುಮಾಸ್ತರು ಮುಂದಿನ ಗಣತಿಗಳನ್ನೂ ತೆಗೆದರು. ಪ್ರತಿಯೊಂದರಲ್ಲೂ ಅದೇ ಮನೆ, ಅದೇ ಹೆಸರು, ಅದೇ ಉದ್ಯೋಗ. ವಯಸ್ಸೂ ಅದೇ ಮೂವತ್ತೆರಡು. ಕಡೆಯ ಪುಸ್ತಕ ಹೋದ ಸಲದ ಗಣತಿಯದು. ಆಕೆ ಆ ಸಾಲಿನ ಮೇಲೆ ಬೆರಳಿಟ್ಟಳು. "ಆ ಮನೆಗೆ ಬೀಗ ಹಾಕಿ ನಲವತ್ತು ವರ್ಷ ಆಯ್ತು ಸರ್. ಬೀಗದ ಕೈ ನನ್ನ ಹತ್ರಾನೇ ಇದೆ." ಗುಮಾಸ್ತರು ಪುಸ್ತಕವನ್ನು ಮೆಲ್ಲಗೆ ಮುಚ್ಚಿದರು. "ಹಾಗಾದ್ರೆ ಇನ್ನು ತಡ ಮಾಡಬೇಡಮ್ಮ. ಮುತ್ತಜ್ಜಿಗೆ ಕಾದು ಕಾದು ಸಾಕಾಗಿರುತ್ತೆ."