ದೊರೆಯ ಚಿತ್ರಕ್ಕಾಗಿ ಬಿಚ್ಚಿದ ತಾಳಿ

ನಮ್ಮ ವಂಶದಲ್ಲಿ ಬಿ.ಎ. ಮುಗಿಸಿದವನು ನಾನೇ ಮೊದಲಿಗ. ಬೈರಮಂಗಲದ ಹೊಲದಿಂದ ಎದ್ದು ಹೋಗಿ, ಬೆಂಗಳೂರಿನಲ್ಲಿ ಧರ್ಮದ ಮುದ್ದೆ ಉಂಡು ಪಡೆದ ಪದವಿ ಅದು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಆ ಪದವಿಯಿಂದಲೇ ಒಬ್ಬ ಇಂಗ್ಲಿಷ್ ದೊರೆಗೆ ದುಭಾಷಿಯಾದೆ. ಪರದೇಶಗಳ ಜನ ಹೇಗೆ ದುಡಿಯುತ್ತಾರೆ, ಹೇಗೆ ಹಬ್ಬ ಮಾಡುತ್ತಾರೆ ಎಂದು ಚಿತ್ರ ಹಿಡಿಯುತ್ತ ತಿರುಗುವ ಮನುಷ್ಯ. ಅವನ ಕ್ಯಾಮೆರಾಕ್ಕೆ ಗಾಜಿನ ಹಲಗೆ ಬೇಕಿರಲಿಲ್ಲ, ಸುತ್ತಿಟ್ಟ ಫಿಲ್ಮ್ ಸಾಕು. ಚನ್ನಪಟ್ಟಣದಲ್ಲಿ ಗೊಂಬೆಗೆ ಅರಗು ಹಚ್ಚುವವರನ್ನೂ ಕ್ಲೋಸ್‌ಪೇಟೆಯಲ್ಲಿ ರೇಷ್ಮೆ ಗೂಡು ಬೇಯಿಸುವ ಸಾಬರನ್ನೂ ಹಿಡಿದಾಗಿತ್ತು. ಇನ್ನು ಒಂದು ಮದುವೆಯ ಚಿತ್ರ ಬೇಕು ಎಂದ. ಅದೇ ತಿಂಗಳು ದೊಡ್ಡಆಲಹಳ್ಳಿಯಲ್ಲಿ, ಗಂಡಿನ ಮನೆಯಲ್ಲಿ, ನನ್ನ ತಂಗಿಯ ಮದುವೆಯಿತ್ತು. ವಿಷಯ ಕಿವಿಗೆ ಬಿದ್ದದ್ದೇ ತಡ, ಗಂಡಿನ ತಂದೆ ತಾವೇ ಹೇಳಿಕಳಿಸಿದರು: ದೊರೆಯನ್ನು ಕರೆತರಲೇಬೇಕು. ತಮ್ಮ ಮುಖ ದೊರೆಯ ಸೀಮೆಗೆ ಹೋಗುತ್ತದೆಂಬ ಹಿಗ್ಗು ಅವರದು.

ಲಗ್ನ ಬೆಳಗಿನದು. ದೊರೆ ಒಲೆಯ ಮುಂದಿನ ಹೆಂಗಸರನ್ನು, ವಾಲಗದವರನ್ನು, ಎಲೆ ತೊಳೆಯುವವರನ್ನು ಹಿಡಿದೇ ಹಿಡಿದ. ಐನೋರು ತಾಳಿ ಕೈಗೆತ್ತಿಕೊಳ್ಳುವ ಹೊತ್ತಿಗೆ ಫಿಲ್ಮ್ ಮುಗಿದುಹೋಯಿತು. ಹೊಸದನ್ನು ಸುತ್ತಲು ಕತ್ತಲ ಕೋಣೆಗೆ ಹೋಗಿ ಬರುವಷ್ಟರಲ್ಲಿ ತಾಳಿ ಕಟ್ಟಿ, ಅಕ್ಕಿ ಬಿದ್ದಾಗಿತ್ತು. ಇನ್ನೊಮ್ಮೆ ಕಟ್ಟಬಹುದೇ ಎಂದು ಕೇಳಿದ. ನಮ್ಮಲ್ಲಿ ತಾಳಿ ಬಿಚ್ಚುವುದು ಗಂಡ ಸತ್ತ ದಿನ ಮಾತ್ರ ಎಂದೆ. ಅವನು ತಪ್ಪಾಯಿತೆಂದು ಹೇಳಿ ಕ್ಯಾಮೆರಾ ಮುಚ್ಚಿದ.

ಗಂಡಿನ ತಂದೆಗೆ, ನಮ್ಮ ಬೀಗರಿಗೆ, ನನ್ನ ಇಂಗ್ಲಿಷ್ ತಿಳಿಯಲಿಲ್ಲ, ಕ್ಯಾಮೆರಾ ಮುಚ್ಚಿದ್ದು ತಿಳಿಯಿತು. ಕಾರಣ ಕೇಳಿದರು. ಹೇಳಿದೆ.

"ಅಷ್ಟೇಯಾ? ಗಂಟು ಬುಡ್ಸಿ ಇನ್ನೊಂದ್ ಕಿತ ಕಟ್ಲಿ," ಎಂದರು. "ಕಟ್ಟೋನೂ ಅವನೇ, ಕಟ್ಟುಸ್ಕಳೋಳೂ ಅವಳೇ. ಏನಾಗ್ಬುಟ್ಟಾತು?"

ನಮ್ಮವ್ವ ಅವರ ಕಾಲು ಹಿಡಿದಳು. ಅಪ್ಪ ಹೆಗಲ ವಸ್ತ್ರ ಕಂಕುಳಿಗೆ ಸೇರಿಸಿ ಕೈಕಟ್ಟಿ ನಿಂತ, ಐನೋರು ಎದ್ದು ಆಚೆ ಹೋದರು. ನಾನು ಅಡ್ಡ ನಿಂತೆ. "ಬಿಯ್ಯೆ ಓದಿ ಮುದ್ಕೀರ ಹಂಗೆ ಹೆದ್ರುತೀಯಲ್ಲಪ್ಪ," ಎಂದು ನಕ್ಕರು. ಅವರ ಕಡೆಯವರೆಲ್ಲ ನಕ್ಕರು. ಈ ಜಗ್ಗಾಟದಲ್ಲಿ ಲಗ್ನ ಮೀರಿ ಮಧ್ಯಾಹ್ನವಾಯಿತು. ಕೊನೆಗೆ, ಬೆಳಕು ಬೀಳಲೆಂದು ಚಪ್ಪರದ ಸೋಗೆ ಸರಿಸಿದರು. ಗಂಡು ಗಂಟು ಬಿಚ್ಚಿದ. ತಂಗಿ ತಲೆ ಬಗ್ಗಿಸಿಕೊಂಡೇ ಇದ್ದಳು. ನಿಮ್ಮ ಪದ್ಧತಿ ನಿನಗೇ ಗೊತ್ತಿಲ್ಲವಲ್ಲ ಎಂಬಂತೆ ದೊರೆ ನನ್ನನ್ನೊಮ್ಮೆ ನೋಡಿ, ಮರಳಿ ಕಟ್ಟುವುದನ್ನು ಚಿತ್ರ ಹಿಡಿದ.

ಎರಡು ಸುಗ್ಗಿ ಕಳೆದವು. ಕುದೂರಿನ ಕಡೆಯಿಂದ ಗಂಡಿಗೆ ಹೊಸ ಸಂಬಂಧ ಬಂತು. ಒಬ್ಬಳೇ ಮಗಳು, ಬಾವಿ ಇರುವ ತೋಟ. ಆದರೆ ಸವತಿಯ ಮೇಲೆ ಹೆಣ್ಣು ಕೊಡುವುದಿಲ್ಲ ಎಂದರು. ಬೀಗರು ಪಂಚಾಯಿತಿ ಸೇರಿಸಿ, ನನ್ನ ತಂಗಿ ಸೊಸೆಯೇ ಅಲ್ಲ ಎಂದರು. ಲಗ್ನದಲ್ಲಿ ತಾಳಿ ಕಟ್ಟಲೇ ಇಲ್ಲವಂತೆ. ದೊರೆ ಕೇಳಿದನೆಂದು ಮಧ್ಯಾಹ್ನ ಆಡಿದ ನಾಟಕವಂತೆ. ನಮ್ಮ ಮನೆಯವರ ಮಾತು ಲೆಕ್ಕಕ್ಕೆ ಬರಲಿಲ್ಲ; ಮದುವೆ ಉಂಡ ಉಳಿದವರೆಲ್ಲ ಅವರ ಊರಿನವರೇ. ನಮಗೆ ನೆನಪಿಲ್ಲ ಎಂದರು. ಐನೋರೂ ನೆಲ ನೋಡಿದರು.

ಗಂಟು ಬಿಚ್ಚುವ ಮೊದಲು ಕೊರಳಲ್ಲಿ ತಾಳಿ ಇದ್ದದ್ದು ಯಾವುದಾದರೊಂದು ಚಿತ್ರದಲ್ಲಿ ಬಂದೇ ಇರುತ್ತದೆ, ತರಿಸುತ್ತೇನೆ, ಸುಳ್ಳು ಯಾರದೆಂದು ತಿಳಿಯುತ್ತದೆ ಎಂದು ನಾನು ಎದ್ದು ನಿಂತು ಹೇಳಿದೆ. ವಾಯಿದೆ ಕೊಟ್ಟರು. ದೊರೆಗೆ ಕಾಗದ ಬರೆದೆ. ಮದುವೆಯ ಚಿತ್ರಗಳಲ್ಲಿ ಒಂದೇ ಒಂದು ಅವನ ಬಳಿ ಉಳಿದಿತ್ತು. ಅದನ್ನು ಕಳಿಸಿದ. ಅವನ ದೇಶದಲ್ಲಿ ಎಲ್ಲರೂ ಮೆಚ್ಚಿದ್ದು ಅದನ್ನೇ ಅಂತೆ.

ಚಿತ್ರ ಚೆನ್ನಾಗಿತ್ತು. ತಂಗಿಯ ಕೊರಳು ಬರಿದು. ಗಂಡಿನ ಕೈಯಲ್ಲಿ ತಾಳಿ. ಎಲ್ಲರ ನೆರಳೂ ಅವರವರ ಕಾಲಡಿಗೆ ಸೇರಿತ್ತು. ಹಿಂದೆ, ರುಮಾಲು ಸುತ್ತಿ, ಮೀಸೆಯ ಮೇಲೆ ಬೆರಳಿಟ್ಟ ಬೀಗರು.

ಬಚ್ಚಿಡೋಣವೆಂದರೆ, ಚಿತ್ರ ಬಂದದ್ದು ಅಂಚೆಯವನಿಂದ ಎರಡೂ ಊರಿಗೆ ಗೊತ್ತಾಗಿತ್ತು; ತೋರಿಸಲೇಬೇಕಾಯಿತು. ಪಂಚಾಯಿತಿಯವರು ಕೈಯಿಂದ ಕೈಗೆ ದಾಟಿಸಿ ನೋಡಿದರು. "ನೆತ್ತಿ ಮ್ಯಾಲೆ ಹೊತ್ತೈತೆ, ಲಗ್ನ ಮೀರೈತೆ, ಕೊಳ್ಳಾಗೆ ಏನೂ ಇಲ್ಲ," ಎಂದ ಒಬ್ಬ. ಅಲ್ಲಿಗೆ ಮುಗಿಯಿತು. ತಾಳಿ ಗಂಡಿನ ಮನೆಯ ಚಿನ್ನ, ವಾಪಸು ಕೊಡಬೇಕೆಂದು ತೀರ್ಮಾನವಾಯಿತು. ತಂಗಿ ಯಾರಿಂದಲೂ ಮುಟ್ಟಿಸಿಕೊಳ್ಳದೆ ತಾನೇ ತೆಗೆದು ಕಟ್ಟೆಯ ಮೇಲಿಟ್ಟಳು.

ಎದ್ದು ಹೊರಟಾಗ ಬೀಗರು ನನ್ನ ಹತ್ತಿರ ಬಂದರು. "ಆ ಚಿತ್ರ ನಂಗೆ ಕೊಟ್ಬುಡಪ್ಪ," ಎಂದರು. "ನಾನು ಚೆಂದಾಗಿ ಬಂದೀನಿ. ಹುಡುಗಿ ಕಡೆ ಒಸಿ ಮಡ್ಚಿ ಗಾಜಿನ ಕಟ್ಟು ಹಾಕುಸ್ತೀನಿ."

ನಾನು ಕೊಡಲಿಲ್ಲ. ಅಪ್ಪ ನನ್ನ ಕೈಯಿಂದ ಕಿತ್ತು ಅವರಿಗೆ ಕೊಟ್ಟ. "ಬೀಗರು ಬಾಯ್ಬುಟ್ಟು ಕೇಳವ್ರೆ," ಎಂದ.