ಕಬ್ಬಿನ ಬಿಗಿ, ಹಳಿಯ ಬಿಗಿ

ನಾನು ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಓದಿದ್ದು ಕಡಿಮೆ. ಆದರೆ ಮದ್ದೂರಿಗೂ ಮಂಡ್ಯಕ್ಕೂ ನಡುವೆ ನನ್ನ ಪಾಲಿಗೆ ಬಂದ ಹಳಿಯನ್ನು ನನ್ನಷ್ಟು ಓದಿಕೊಂಡವನು ಇನ್ನೊಬ್ಬನಿಲ್ಲ. ಜಂಬ ಅಂದರೆ ಜಂಬ. ದಿನಾ ಬೆಳಿಗ್ಗೆ ಸುತ್ತಿಗೆ, ಸ್ಪ್ಯಾನರು, ಕೆಂಪು ಬಾವುಟ ಹೆಗಲಿಗೇರಿಸಿಕೊಂಡು ಹಳಿಯುದ್ದಕ್ಕೂ ನಡೆದು, ಸಡಿಲಾದದ್ದನ್ನು ಸರಿಮಾಡುತ್ತ ಹೋಗುವವನಿಗೆ ರೈಲ್ವೆಯಲ್ಲಿ ಕೀಮನ್ ಅನ್ನುತ್ತಾರೆ. ಆ ಕೆಲಸ ನನ್ನದು.

ಹಳಿಯ ಒಂದು ತುಂಡಿಗೆ ಇನ್ನೊಂದು ತುಂಡನ್ನು ಕೂಡಿಸುವುದು ಎರಡೂ ಪಕ್ಕ ತಬ್ಬಿಕೊಂಡ ಎರಡು ಕಬ್ಬಿಣದ ಪಟ್ಟಿ, ಅವನ್ನು ಹಿಡಿದ ನಾಲ್ಕು ಬೋಲ್ಟು. ಅದರ ಹೆಸರು ಫಿಶ್ ಪ್ಲೇಟು. ಹಳಿ ರಿಪೇರಿ ಮಾಡುವ ನಮ್ಮ ಗ್ಯಾಂಗಿನವರ ಬಾಯಲ್ಲಿ ಪೀಸ್ ಪ್ಲೇಟು. ಎರಡು ಪೀಸು ಸೇರಿಸುವುದಕ್ಕೆ ಅದೇ ಸರಿಯಾದ ಹೆಸರು ಎಂದು ನನ್ನ ಅಭಿಪ್ರಾಯ. ಅದಿಲ್ಲದಿದ್ದರೆ ಚಕ್ರ ಬಂದಾಗ ಒಂದು ತುದಿ ತಗ್ಗುತ್ತದೆ, ಎದುರಿನ ತುದಿ ಮೆಟ್ಟಿಲಿನಂತೆ ಎದ್ದು ನಿಲ್ಲುತ್ತದೆ. ಆಮೇಲೆ ಆಗುವುದನ್ನು ಬರೆಯುವುದು ಬೇಡ. ಈಗ ಮೇನ್ ಲೈನಿನಲ್ಲಿ ಹಳಿಗಳನ್ನು ಬೆಸುಗೆ ಹಾಕಿ ಉದ್ದಕ್ಕೆ ಒಂದೇ ಮಾಡಿಬಿಟ್ಟಿದ್ದಾರೆ. ನನ್ನ ಭಾಗದಲ್ಲಿ ಪೀಸ್ ಪ್ಲೇಟು ಹೆಚ್ಚಾಗಿ ಉಳಿದಿರುವುದು ಒಂದು ಸಣ್ಣ ಸ್ಟೇಷನ್ನಿನ ಪಕ್ಕದ ಲೈನಿನಲ್ಲಿ, ಒಂದು ಗಾಡಿ ನಿಂತು ಇನ್ನೊಂದಕ್ಕೆ ದಾರಿ ಬಿಡುವ ಕಡೆ.

ಎರಡು ತುದಿಗಳ ನಡುವೆ ಒಂದು ಸಣ್ಣ ಸಂದು ಬಿಟ್ಟಿರುತ್ತೇವೆ. ಬಿಸಿಲಿಗೆ ಹಳಿ ಬೆಳೆಯುತ್ತದೆ. ಬೆಳೆದದ್ದು ಪ್ಲೇಟಿನೊಳಗೇ ಜಾರಿ ಆ ಸಂದಿಗೆ ಬರಬೇಕು. ಅದಕ್ಕೇ ಬೇಸಿಗೆಗೆ ಮುಂಚೆ ಪ್ರತಿ ಜಾಯಿಂಟನ್ನೂ ಬಿಚ್ಚಿ, ತುಕ್ಕು ಕೆರೆದು, ಗ್ರೀಸು ಬಳಿದು ಮತ್ತೆ ಕಟ್ಟುತ್ತೇವೆ. ಒಳಗಿನ ಎರಡು ಬೋಲ್ಟು ಮೊದಲು, ಹೊರಗಿನ ಎರಡು ಆಮೇಲೆ. ಎಷ್ಟು ಬಿಗಿ ಎಂದರೆ, ಅಲ್ಲಾಡಬಾರದು, ಆದರೆ ಜಾರಬೇಕು. ಅಷ್ಟು ಬಿಗಿ.

ಈ ಬಿಗಿ ನನ್ನ ಬಾಮೈದನಿಗೆ ತಿಳಿಯಲಿಲ್ಲ. ನನ್ನ ಹೆಂಡತಿಯ ತಮ್ಮ ಅವನು. ಕಂಟ್ರಾಕ್ಟಿನ ಮೇಲೆ ನಮ್ಮ ಗ್ಯಾಂಗಿಗೆ ಸೇರುವ ಮುಂಚೆ ಭಾರತೀನಗರದ ಫ್ಯಾಕ್ಟರಿಗೆ ಕಬ್ಬಿನ ಗಾಡಿ ಹೊಡೆಯುತ್ತಿದ್ದ. ಲೋಡಿನ ಮೇಲೆ ಹಗ್ಗ ಬಿಗಿದು, ಹಗ್ಗಕ್ಕೆ ದೊಣ್ಣೆ ಸಿಕ್ಕಿಸಿ ತಿರುವಿದನೆಂದರೆ ಎಂಥ ಗುಂಡಿ ಬಿದ್ದ ರಸ್ತೆಯಲ್ಲೂ ಒಂದು ಜಲ್ಲೆ ಉದುರುತ್ತಿರಲಿಲ್ಲ. ಅದರಿಂದ ಬಂದ ಹೆಸರು ಅವನ ತಲೆಗೇರಿತ್ತು.

ಹೋದ ವರ್ಷ ಶಿವರಾತ್ರಿ ಕಳೆಯುತ್ತಿದ್ದಂತೆ ಬಿಸಿಲು ಏರಿತು. ಒಂದು ದಿನ ನನ್ನ ಸುತ್ತು ಮುಗಿಸಿ ಮಧ್ಯಾಹ್ನ ಸ್ಟೇಷನ್ನಿನ ಹತ್ತಿರ ಬಂದೆ. ಗ್ಯಾಂಗು ಬೆಳಿಗ್ಗೆ ತಂಪಿನಲ್ಲೇ ಪಕ್ಕದ ಲೈನಿನ ಜಾಯಿಂಟುಗಳಿಗೆ ಗ್ರೀಸು ಹಾಕಿ ಮುಗಿಸಿ, ಹೊಂಗೆ ಮರದಡಿ ಊಟಕ್ಕೆ ಕೂತಿತ್ತು. ಅಭ್ಯಾಸದಂತೆ ಬಗ್ಗಿ, ಹಳಿಯುದ್ದಕ್ಕೂ ಕಣ್ಣು ಹಾಯಿಸಿದೆ. ಒಂದು ಜಾಯಿಂಟಿನ ಬಳಿ ಹಳಿ ಕೊಂಚ ಪಕ್ಕಕ್ಕೆ ಬಳುಕಿತ್ತು. ಜಲ್ಲಿಯಲ್ಲಿ ಹಳಿಯಡಿಯ ಸ್ಲೀಪರು ಸರಿದ ಗುರುತು. ಅಷ್ಟು ಬಿಸಿಲಿಗೆ ಮುಚ್ಚಿಕೊಳ್ಳಬೇಕಿದ್ದ ಸಂದು ಬೆಳಿಗ್ಗೆಯಂತೆಯೇ ಬಾಯಿ ತೆರೆದುಕೊಂಡಿತ್ತು.

"ಯಾರ್ಲಾ ಇದುನ್ನ ಕಟ್ಟಿದ್ದು?"

"ನಾನೇ ಕಣ್ ಬಾವ," ಎಂದ ಬಾಮೈದ, ಮುದ್ದೆ ನುಂಗುತ್ತ. "ಸ್ಪ್ಯಾನರ್‌ಗೆ ಪೈಪ್ ಸಿಕ್ಕಿಸಿ ತಿರುವಿವ್ನಿ. ಇನ್ನು ನಮ್ಮಪ್ಪ ಎದ್ ಬಂದ್ರೂ ಅಲ್ಲಾಡಾಕಿಲ್ಲ."

"ಇದೇನ್ ಕಬ್ಬಿನ್ ಲೋಡೇನ್ಲಾ? ಮುಂದಕ್ಕೆ ಜಾರಾಕೆ ಬುಡ್ದಿದ್ರೆ ಹಳಿ ಪಕ್ಕಕ್ಕೆ ನುಗ್ತದೆ. ಬಾ, ನೋಡು."

ಅವನು ತಟ್ಟೆ ಹಿಡಿದೇ ಬಂದು ನೋಡಿದ. ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು. "ಬಾವ, ಈಗ್ ಬರೋ ಪ್ಯಾಸೆಂಜರ್‌ನಾಗೆ ಅವ್ವ ಬತ್ತಾವ್ಳೆ ಕಣ್ ಬಾವ."

ಅತ್ತೆ ಹೊಸ ಕನ್ನಡಕ ಇಸಿದುಕೊಳ್ಳಲು ಮಂಡ್ಯಕ್ಕೆ ಹೋಗಿದ್ದರು. ಮೇನ್ ಲೈನು ಹಿಂದೆ ಬರುವ ಎಕ್ಸ್‌ಪ್ರೆಸ್ಸಿಗೆ ಬೇಕಾದ್ದರಿಂದ ಆ ಪ್ಯಾಸೆಂಜರ್ ಬರಬೇಕಾದದ್ದು ಇದೇ ಹಳಿಯ ಮೇಲೆ.

ನಾನು ಬಾವುಟ ಬಿಚ್ಚಿದೆ. ಗ್ಯಾಂಗಿನ ಮೇಸ್ತ್ರಿ ಓಡಿಬಂದು ಕೈ ಹಿಡಿದರು. "ಗಾಡಿ ಬರಾಕೆ ಇನ್ನೂ ಒತ್ತು ಅದೆ, ಅಷ್ಟ್ರಲ್ಲಿ ಬಿಚ್ಬುಡಾನ. ಬಾವುಟ ಯಾಕ್ಲಾ? ನಮ್ ಗ್ಯಾಂಗಿನ ತಪ್ಪಿಗೆ ಇವತ್ತಿನ್‌ಗಂಟ ಒಂದ್ ಗಾಡಿ ನಿಂತಿಲ್ಲ!"

ಆ ಹೆಮ್ಮೆ ಅವರದಷ್ಟೇ ಅಲ್ಲ, ನನ್ನದೂ ಆಗಿತ್ತು. ಊರಲ್ಲಿ ಎಷ್ಟು ಸಲ ಹೇಳಿಕೊಂಡಿದ್ದೇನೋ. ಆದರೆ ಹಳಿ ಕಾಯುವುದು ಹೇಳಿಕೊಳ್ಳುವುದಕ್ಕಲ್ಲ.

"ಇವತ್ತು ನಿಂತ್ಕಳ್ಲಿ ಬುಡಿ," ಎಂದು ಸ್ಟೇಷನ್ ಮಾಸ್ಟರಿಗೆ ಫೋನು ಮಾಡಿ, ಹಳಿಯ ನಡುವೆ ಬಾವುಟ ನೆಟ್ಟೆ. ಗಾಡಿ ಸಿಗ್ನಲ್ಲಿನಾಚೆ ಬಂದು ನಿಂತಿತು. ಸಿಳ್ಳೆ ಮೇಲೆ ಸಿಳ್ಳೆ.

"ಎತ್ಕೊ ನಿನ್ ಪೈಪು," ಎಂದೆ ಬಾಮೈದನಿಗೆ. "ಕಟ್ಟಿದೋನೇ ಬಿಚ್ಚು."

ಒಳಗಿನ ಬೋಲ್ಟುಗಳು ಕಿರುಗುಟ್ಟಿ ಬಂದವು. ಹೊರಗಿನವು ಜಪ್ಪಯ್ಯ ಅನ್ನಲಿಲ್ಲ. ಅವನು ಪೈಪಿಗೆ ಜೋತುಬಿದ್ದ. ನಾನು ಎಣ್ಣೆ ಬಿಟ್ಟು ಸುತ್ತಿಗೆಯಲ್ಲಿ ತಟ್ಟಿದೆ. ಉಳಿದವರು ಹಳಿಯ ಮೇಲೆ ಒದ್ದೆ ಗೋಣಿಚೀಲ ಹಾಸಿ ನೀರು ಸುರಿಯುತ್ತಿದ್ದರು. ಕಡೆಯ ನಟ್ಟು ಸಡಿಲಾದ ಗಳಿಗೆಗೆ ಟಣ್ ಎಂದು ಹಳಿ ಮುಂದಕ್ಕೆ ಹಾರಿತು. ಕಣ್ಣೆದುರಿಗೇ ಸಂದು ಮುಚ್ಚಿಕೊಂಡಿತು. ಬಾಮೈದ ಬೆಚ್ಚಿ ಹಿಂದಕ್ಕೆ ಕೂತುಬಿಟ್ಟ.

"ಇಷ್ಟೊತ್ತೂ ಇದು ತಡ್ಕೊಂಡಿತ್ತಾ ಬಾವ?"

"ಊಂ ಕಣ್ಲಾ. ನೀನ್ ಕಟ್ಟಿದ್ ಬಿಗೀಗೆ."

ಹಾರೆ ಹಾಕಿ ಹಳಿಯನ್ನು ನೇರ ಮಾಡಿದೆವು. ಜಲ್ಲಿ ತುಂಬಿ ಗುದ್ದಿದೆವು. ಬೋಲ್ಟುಗಳನ್ನು ಈ ಸಲ ನಾನು ಕಟ್ಟಿದೆ, ಪೈಪಿಲ್ಲದೆ, ಬರೀ ಕೈಯಳತೆಯಲ್ಲಿ. ಬಾವುಟ ತೆಗೆದು, ನಡಿಗೆಯ ವೇಗದಲ್ಲಿ ಬರುವಂತೆ ಗಾಡಿಗೆ ಕೈ ತೋರಿಸಿದೆ. ಬಾಮೈದ ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು ಆ ಜಾಯಿಂಟನ್ನೇ ನೋಡುತ್ತಿದ್ದ. ಒಂದೊಂದೇ ಚಕ್ರ ದಾಟಿತು. ಟಕ್, ಟಕ್. ಹಳಿ ತಗ್ಗಿತು, ಎದ್ದಿತು, ಪಕ್ಕಕ್ಕೆ ಕದಲಲಿಲ್ಲ.

ನಡುವಿನ ಡಬ್ಬಿಯ ಕಿಟಕಿಯಿಂದ ಒಂದು ಹೊಸ ಕನ್ನಡಕ ಹೊರಬಂತು.

"ಲೇ, ನೀನೇನ್ಲಾ ಗಾಡಿ ನಿಲ್ಸಿದ್ದು? ಒಳ್ಗೆ ಬೆಂದೋದ್ವಲ್ಲೋ! ಅಯ್ಯೋ, ಅಳಿಯಂದ್ರೂ ಅವ್ರೆ! ಹೊಸ ಕನ್ನಡ್ಕದಾಗೆ ಮೊದ್ಲು ಕಾಣಾಕೆ ನಿಮ್ಮಿಬ್ರ ಗ್ರೀಸ್ ಮೂತೀನೇ ಬೇಕಾಗಿತ್ತಾ?"

ಮೇಸ್ತ್ರಿ ಮುಖ ಗಂಟಿಕ್ಕಿಕೊಂಡಿದ್ದವರು ನಕ್ಕುಬಿಟ್ಟರು. ಬಾಮೈದ ನಗಲಿಲ್ಲ. ಕಡೆಯ ಡಬ್ಬಿ ದಾಟುವವರೆಗೂ ತಾಯಿಗೆ ಕೈ ಬೀಸುತ್ತಲೇ ಇದ್ದ. ಆಮೇಲೆ ಸ್ಪ್ಯಾನರಿನಿಂದ ಪೈಪು ಎಳೆದು ನನ್ನ ಕೈಗೆ ಕೊಟ್ಟ.

"ನೆನ್ನೆ ಆ ಕಡೆ ಗೂಡ್ಸ್ ನಿಲ್ಲೋ ಲೈನ್‌ನಾಗೂ ಎರಡು ಜಾಯಿಂಟು ಇಂಗೇ ಕಟ್ಟಿವ್ನಿ ಬಾವ. ಬಾ, ತೋರುಸ್ತೀನಿ."