ಕೆಂಚವ್ವನ ಮೂವತ್ತು ಬಟ್ಟಲು

"ಅವ್ವಾ, ಕೆಂಚತ್ತಿಗೆ ಸಜ್ಜಿ ಯಾವದು, ನವಣಿ ಯಾವದು ಗೊತ್ತಿಲ್ಲಂತ. ಹಂಗಾರ ಆಕಿ ದೊಡ್ಡಾಕಿ ಹೆಂಗ ಆದಳು?"

ಆರು ವರ್ಷದ ಗಂಗೂ ಹೀಗೆ ಕೇಳಿದಾಗ ದಾಕ್ಷಾಯಿಣಿಗೆ ನಗು ಬಂತು. ಆ ನಗು ಒಳ್ಳೆಯದಲ್ಲ ಅನ್ನುವುದು ಆಕೆಗೂ ಗೊತ್ತಿತ್ತು. ರೊಟ್ಟಿ ಬಡಿಯುವ ಕೈ ನಿಲ್ಲಿಸದೆ, "ಓದಿ ಓದಿ ದೊಡ್ಡಾಕಿ ಆಗ್ಯಾಳವ್ವ," ಅಂದಳು.

ಪಡಸಾಲೆಯಲ್ಲಿ ಕೂತಿದ್ದ ಕೆಂಚವ್ವನಿಗೆ ಅದು ಕೇಳಿಸಿತು. "ಕೇಳಿಸ್ತ್ರಿ ವೈನಿ," ಅಂದಳು ಅಲ್ಲಿಂದಲೇ. "ಖರೆ ಮಾತ ಬಿಡ್ರಿ," ಎಂದು ತಾನೂ ನಕ್ಕಳು.

ಅದೇ ದಾಕ್ಷಾಯಿಣಿಗೆ ಆಗದಿದ್ದುದು. ಚುಚ್ಚಿದರೆ ಚುಚ್ಚಿಸಿಕೊಳ್ಳುವವಳಲ್ಲ ನಾದಿನಿ. ಸಿಟ್ಟಿಗಾದರೂ ಬಂದಿದ್ದರೆ ಆಕೆಯ ಮೇಲೆ ಹೊಟ್ಟೆ ಉರಿಸಿಕೊಳ್ಳುವುದು ಎಷ್ಟೋ ಸಲೀಸಾಗುತ್ತಿತ್ತು.

ಮೂಡಲಗಿಯಿಂದ ಎರಡು ಮೈಲು ದೂರ, ಕಾಲುವೆ ದಂಡೆಯ ತೋಟದ ಮನೆಯಲ್ಲಿ, ದಾಕ್ಷಾಯಿಣಿಯ ಗಂಡ ಮಲ್ಲೇಶ ಹುಟ್ಟಿ ಹನ್ನೆರಡು ವರ್ಷಕ್ಕೆ ಹುಟ್ಟಿದವಳು ಕೆಂಚವ್ವ. ಇನ್ನು ಮಕ್ಕಳಿಲ್ಲ ಅಂದುಕೊಂಡಿದ್ದ ಅಪ್ಪಣ್ಣನಿಗೆ ಮಗಳೆಂದರೆ ಪ್ರಾಣ. ಸತ್ತ ತನ್ನ ತಾಯಿಯ ಹೆಸರನ್ನೇ ಇಟ್ಟು, "ಈ ಕೂಸಿನ ಕೈಗೆ ಮಣ್ಣ ಹತ್ತಬಾರದು," ಎಂದು ಮನೆಮಂದಿಗೆಲ್ಲ ಹೇಳಿಟ್ಟಿದ್ದ. ಮಗಳು ಏಳನೆಯ ಇಯತ್ತೆಯಲ್ಲಿದ್ದಾಗ ಆತ ತೀರಿಕೊಂಡ. ಆತ ಹೋದರೂ ಆತನ ಮಾತು ಮನೆಯಲ್ಲಿ ಉಳಿಯಿತು. ಎಲ್ಲರೂ ಕಸ ತೆಗೆಯಲು ಹೋದಾಗ ಕೆಂಚವ್ವ ಪುಸ್ತಕ ಹಿಡಿದು ಹೊಲದ ಬದುವಿನ ಮೇಲೆ ಕೂರುತ್ತಿದ್ದಳು. ಬುತ್ತಿ ತಂದರೂ ಆಕೆಗೇ ಮೊದಲ ರೊಟ್ಟಿ.

ಹತ್ತನೆಯ ಇಯತ್ತೆಯಲ್ಲಿ ಹೆಡ್‌ಮಾಸ್ತರರು ಕರೆದು, "ಸರ್ಟಿಫಿಕೇಟಿನ್ಯಾಗ ಹೆಸರ ಬದಲ ಮಾಡಾಕ ಇದ ಕಡೀ ಸಲ ನೋಡವಾ. ಕಾಂಚನಾ ಅಂತ ಬರಸ್ತೀಯೇನು? ಮುಂದ ಕಾಲೇಜಿನ್ಯಾಗ ನಗತಾರ," ಅಂದಿದ್ದರಂತೆ. "ಅಜ್ಜಿ ಹೆಸರ ಐತ್ರಿ ಸರ್, ಇರಲಿ. ನಗೂ ಮಂದಿ ನಗಲಿ," ಅಂದು ಬಂದಿದ್ದಳು. ನಕ್ಕರು ಕೂಡ. ಗೋಕಾಕದ ಕಾಲೇಜಿನಲ್ಲಿ ಎರಡು ವರ್ಷ ಆಕೆ ಎಲ್ಲರಿಗೂ 'ಕೆಂಚಜ್ಜಿ'. ಮುಂಜಾನೆ ಪೌಣೆ ಆರರ ಬಸ್ಸಿನಲ್ಲಿ ಹೋಗಿ, ಸಂಜೆ ಬಂದು, ದನದ ಕೊಟ್ಟಿಗೆಯ ದೀಪದಡಿ ಲೆಕ್ಕ ಬಿಡಿಸುತ್ತಿದ್ದಳು. ಫಿಜಿಕ್ಸಿನಲ್ಲಿ ಅಷ್ಟಕ್ಕಷ್ಟೆ. ಅಳುತ್ತಿದ್ದಳು, ಮತ್ತೆ ಓದುತ್ತಿದ್ದಳು.

ಪಿಯುಸಿ ಮುಗಿಯುವ ಮೊದಲೇ ಮುಂದಿನದರ ಬಗ್ಗೆ ಮನೆಯಲ್ಲಿ ಬಾಯಿಗೊಂದು ಮಾತು ಹುಟ್ಟಿತು. ತಾಯಿ ಯಲ್ಲವ್ವನ ಕಣ್ಣು ಹುಕ್ಕೇರಿ ಕಡೆಯ ಗಂಡಿನ ಮೇಲಿತ್ತು. ಸಕ್ಕರೆ ಕಾರ್ಖಾನೆಯ ನೌಕರಿ, ಮೇಲೆ ನಾಲ್ಕೆಕರೆ ನೀರಾವರಿ. ಅಣ್ಣ ಮಲ್ಲೇಶ, "ನರ್ಸಿಂಗ್ ಮಾಡಲಿ, ಲಗೂನ ಪಗಾರ ಬರತೈತಿ," ಎಂದ. ಕೆಂಚವ್ವ ಮಾತ್ರ, "ನಾ ಧಾರವಾಡದಾಗ ಬಿ.ಎಸ್ಸಿ. ಅಗ್ರಿ ಮಾಡಾಕಿ," ಅಂದಳು.

ಮನೆಯೇ ನಕ್ಕಿತು. "ಕುರ್ಪಿ ಹೆಂಗ ಹಿಡೀಬೇಕು ಗೊತ್ತಿಲ್ಲ, ಒಕ್ಕಲತನಾ ಕಲಿಯಾಕ ಕಾಲೇಜಿಗೆ ಹೊಂಟಾಳ," ಎಂದ ಮಲ್ಲೇಶ.

"ಗೊತ್ತಿಲ್ಲಂತನ ಕಲಿಯಾಕ ಹೊಂಟೇನಿ. ಗೊತ್ತಿದ್ರ ನಿನ್ನಂಗ ಹೊಲದಾಗ ಇರತಿದ್ನಲ್ಲೋ ಅಣ್ಣಾ."

ಕೊನೆಗೆ ಒಂದು ಒಪ್ಪಂದಕ್ಕೆ ಬಂದರು. ಈ ವರ್ಷ ಅಗ್ರಿ ಸೀಟು ಸಿಕ್ಕರೆ ಧಾರವಾಡ, ಸಿಗದಿದ್ದರೆ ಕಾರಹುಣ್ಣಿವೆಯೊಳಗೆ ಹುಕ್ಕೇರಿಯವರಿಗೆ ಹೂಂ ಅನ್ನುವುದು. ಕೆಂಚವ್ವ ತಾಯಿಯ ಕೈ ಮುಟ್ಟಿ ಒಪ್ಪಿದಳು.

ಅರ್ಜಿ ತುಂಬಲು ಮಲ್ಲೇಶನಿಗೆ ಪುರಸೊತ್ತಿರಲಿಲ್ಲ, ಕಬ್ಬು ಕಡಿಯುವವರು ಹೊಲದಲ್ಲಿದ್ದರು. ಹಾಗಾಗಿ ನಾದಿನಿಯ ಜೊತೆ ಮೂಡಲಗಿಗೆ ಹೋದವಳು ದಾಕ್ಷಾಯಿಣಿ. ಬಸ್‌ಸ್ಟ್ಯಾಂಡಿನ ಬಾಜೂ ಗಫಾರನ ಕಂಪ್ಯೂಟರ್ ಅಂಗಡಿ. ಜನವರಿಯಿಂದ ಜೂನಿನ ತನಕ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ.

"ಡಿಪ್ಲೊಮಾ ಬೇಕೇನ್ರಿ, ಐಟಿಐ ಬೇಕೇನ್ರಿ, ನರ್ಸಿಂಗ್ ಬೇಕೇನ್ರಿ? ಎಲ್ಲಾ ನನ್ನ ಕಡೆ ಅದಾವು," ಎಂದ ಗಫಾರ, ಬಾಂಡೆ ಪಾತ್ರೆ ಮಾರುವವನ ಧಾಟಿಯಲ್ಲಿ. ಕೆಂಚವ್ವ ತನ್ನದು ಹೇಳಿದಾಗ ಕನ್ನಡಕ ಏರಿಸಿ ನೋಡಿದ. "ರೈತರ ಮಕ್ಕಳ ಕೋಟಾಕ್ಕ ಟಿಕ್ ಮಾಡ್ಲೇನ್ರಿ ತಂಗೀ? ಅದಕ್ಕ ಪ್ರಾಕ್ಟಿಕಲ್ ಪರೀಕ್ಷಾ ಇರತೈತಿ ಮತ್ತ. ಮೇಜಿನ ಮ್ಯಾಲ ಕಾಳು, ಗೊಬ್ಬರಾ, ಒಕ್ಕಲತನದ ಸಾಮಾನ ಸಾಲಕ ಇಟ್ಟಿರತಾರ. ನೋಡಿ ಹೆಸರ ಬರೀಬೇಕು. ಅದರ ಮಾರ್ಕ್ಸ್ ಬಂದ್ರ ಸೀಟ ಬಂದಂಗ."

ಪರದೆಯ ಮೇಲಿನ ಆ ಸಣ್ಣ ಚೌಕವನ್ನು ದಾಕ್ಷಾಯಿಣಿ ನೋಡಿದಳು. ಒಂಬತ್ತು ವರ್ಷದ ಹಿಂದೆ ಸಂಕೇಶ್ವರದ ಇಂಥದೇ ಒಂದು ಅಂಗಡಿಯಲ್ಲಿ, ಇಂಥದೇ ಚೌಕಕ್ಕೆ ಆಕೆಯೂ ಹೂಂ ಅಂದಿದ್ದಳು. ಆ ವರ್ಷ ಆಕೆಗೆ ಪಿಯುಸಿಯಲ್ಲಿ ನೂರಕ್ಕೆ ತೊಂಬತ್ತೊಂದು. ತಂದೆ ಬಸವಣ್ಣೆಪ್ಪ ಸಹಿ ಮಾಡಿದ್ದ, ಪ್ರವೇಶಪತ್ರವೂ ಬಂದಿತ್ತು. ಪರೀಕ್ಷೆಯ ದಿನವೇ ಮಲ್ಲೇಶನ ಕಡೆಯವರು ನಿಶ್ಚಯಕ್ಕೆ ಬರುತ್ತೇವೆಂದು ಹೇಳಿ ಕಳಿಸಿದರು. "ಪರೀಕ್ಷಾ ಮುಂದಿನ ವರ್ಷಾನೂ ಬರತೈತವಾ, ಇಂಥಾ ಮನಿ ಬರೂದಿಲ್ಲ," ಎಂದ ಬಸವಣ್ಣೆಪ್ಪ. ಮರುವರ್ಷ ಆಕೆ ಬಾಯಿ ಬಿಟ್ಟು ಕೇಳಿಯೂ ಕೇಳಿದ್ದಳು. "ನಮ್ಮ ಮನಿಗೆ ಕಲತಾಕಿ ಬೇಕಂತ ತಂದೇವಿ, ಕಲಿಯಾಕಿ ಬೇಕಂತ ಅಲ್ಲ," ಎಂದಿದ್ದಳು ಅತ್ತೆ ಯಲ್ಲವ್ವ. ಪ್ರವೇಶಪತ್ರ ಇವತ್ತಿಗೂ ಟ್ರಂಕಿನ ತಳದ ಹಾಳೆಯ ಕೆಳಗಿದೆ.

"ಟಿಕ್ ಮಾಡ್ರಿ," ಎಂದಳು ಕೆಂಚವ್ವ.

ಅದೇ ಯಲ್ಲವ್ವ ಈಗ ಸೊಸೆಯನ್ನು ಕರೆದು, "ದಾಕ್ಷಾಯಿಣೀ, ಕಾಳಕಡಿ ಎಲ್ಲಾ ನಿನಗ ಗೊತ್ತೈತಿ. ಹುಡುಗೀಗೆ ನಾಕ ದಿನ ಹೇಳಿಕೊಡವಾ, ಆಕಿ ಆಸೇನೂ ಒಂದ ತೀರಲಿ," ಎಂದಳು. ಆ ದನಿಯಲ್ಲಿದ್ದ ಮೆತ್ತಗಿನದು ದಾಕ್ಷಾಯಿಣಿಗೆ ಹೊಸದು. ಒಂಬತ್ತು ವರ್ಷ ಅದು ಈ ಮುದುಕಿಯ ಗಂಟಲಿನ ಯಾವ ಮೂಲೆಯಲ್ಲಿ ಅಡಗಿತ್ತೋ.

ಮಾರ್ಚಿನ ಪಿಯುಸಿ ಪರೀಕ್ಷೆ ಮುಗಿದ ಮೇಲೆ ಪಾಠ ಶುರುವಾಯಿತು. ಮಧ್ಯಾಹ್ನದ ಬಿಸಿಲಿಗೆ ಹೊರಗೆ ಕೆಲಸ ಮಾಡಲಾಗದ ಎರಡು ತಾಸು ಪಡಸಾಲೆಯಲ್ಲಿ ಮೂವತ್ತು ಸ್ಟೀಲಿನ ಬಟ್ಟಲು ಸಾಲಾಗಿ ಕೂತವು. ಸಜ್ಜೆ, ನವಣೆ, ಕುಸುಬೆ, ಅಗಸೆ, ಗುರೆಳ್ಳು, ಮಡಿಕೆ, ಹುರುಳಿ, ಸೆಣಬು. ಬಿತ್ತನೆಗೆಂದು ಬೂದಿ ಬೆರೆಸಿ ಡಬ್ಬಿಯಲ್ಲಿಟ್ಟ ಬೀಜಗಳನ್ನೆಲ್ಲ ದಾಕ್ಷಾಯಿಣಿಯೇ ತೊಳೆದು ಒಣಗಿಸಿ ಹಾಕಿದ್ದಳು. ಬಾಗಿ ಬಾಗಿ ಸೊಂಟ ಸವೆಸಿ ಕಲಿತದ್ದು ಅದೆಲ್ಲ. ಹಾಗೆ ಕಲಿತದ್ದನ್ನು ಈಗ ಬಟ್ಟಲಿಗೆ ಹಾಕಿ, ಮತ್ತೊಬ್ಬಳ ಮುಂದೆ ಇಟ್ಟು, ತಿನ್ನವ್ವ ಅನ್ನಬೇಕು.

"ಇದು?"

"ಹೆಸರು."

"ಹೆಸರ ಹಸರ ಇರತೈತಿ. ಇದು ಮಡಿಕಿ."

"ಯವ್ವಾ, ಮೊನ್ನಿ ಪಲ್ಯಾ ಮಾಡಿದ್ದು ಇದನ ಏನ್ರಿ?"

"ತಿನ್ನೂಮುಂದ ಪುಸ್ತಕ ನೋಡತೀ. ತಾಟಿನ ಕಡೆ ನೋಡಿದ್ರ ಗೊತ್ತಾಗತಿತ್ತು."

ಗಂಗೂ ಬಾಜೂ ಕೂತು ಪಟಪಟನೆ ಹೇಳುತ್ತಿದ್ದಳು. "ಕೆಂಚತ್ತೀ, ನಾನ ಪರೀಕ್ಷಾಕ್ಕ ಹೋಗಲೇನು?" ಎಂದರೆ ಕೆಂಚವ್ವ, "ನಿನ್ನ ಚೀಲದಾಗ ಹಾಕ್ಕೊಂಡ ಹೋಗತೇನಿ, ಒಳಗಿಂದ ಹೇಳಂತಿ," ಅನ್ನುತ್ತಿದ್ದಳು.

ಹೊಸ ಚೀಲ ಬಂದಿತ್ತು. ಮಲ್ಲೇಶ ಗೋಕಾಕದಿಂದ ತಂದದ್ದು, ಬೆನ್ನಿಗೆ ಹಾಕಿಕೊಳ್ಳುವ ನೀಲಿ ಚೀಲ. ದಾಕ್ಷಾಯಿಣಿ ಅದನ್ನು ಮೊಳೆಗೆ ತೂಗುಹಾಕುವಾಗ, ಯಾರೂ ಇಲ್ಲದ್ದನ್ನು ನೋಡಿ, ಒಂದು ಗಳಿಗೆ ತನ್ನ ಬೆನ್ನಿಗೆ ಏರಿಸಿಕೊಂಡಿದ್ದಳು. ಪಟ್ಟಿ ಭುಜಕ್ಕೆ ಸರಿಯಾಗಿ ಕೂತಿತ್ತು. ಅದನ್ನು ಇಳಿಸಿದಾಗಿನಿಂದ ಎದೆಯಲ್ಲಿ ಒಂದು ಕಸಿವಿಸಿ ಉಳಿದಿತ್ತು.

ಚೀಲ ಬಂದ ದಿನ ಮಧ್ಯಾಹ್ನವೇ ಅದು ನಡೆದದ್ದು. ಕೆಂಚವ್ವ ಇಪ್ಪತ್ತೆರಡನೆಯ ಬಟ್ಟಲಿನಲ್ಲಿ ಬೆರಳಾಡಿಸಿ, "ಇದು ಕರಿ ಎಳ್ಳು," ಎಂದಳು.

ಅದು ಉಳ್ಳಾಗಡ್ಡಿ ಬೀಜ. ಎಳ್ಳು ಚಪ್ಪಟೆ, ನುಣುಪು; ಇದಕ್ಕೆ ಮೂಲೆ ಮೂಲೆ, ಸುಕ್ಕು. ಗಂಗೂ ಅಂದು ಅಜ್ಜಿಯ ಜೊತೆ ಊರೊಳಗೆ ಹೋಗಿದ್ದಳು, ತಿದ್ದುವವರು ಯಾರೂ ಇರಲಿಲ್ಲ. ದಾಕ್ಷಾಯಿಣಿ ಬಾಯಿ ತೆರೆದಳು. ತೆರೆದ ಬಾಯಿಯಿಂದ, "ಮುಂದಿಂದು ಹೇಳು," ಎಂಬ ಮಾತು ಬಂತು.

ಕೆಂಚವ್ವ ವಹಿಯಲ್ಲಿ ಬರೆದುಕೊಂಡಳು. ಮರುದಿನವೂ ಎಳ್ಳು ಎಂದಳು, ಅದರ ಮರುದಿನವೂ. ಮೂರೂ ಸಲ ದಾಕ್ಷಾಯಿಣಿ ಸುಮ್ಮನಿದ್ದಳು. ಗಂಗೂ ಬಟ್ಟಲ ಕಡೆ ಕೈ ಚಾಚಿದಾಗ, "ಹೋಗು, ಕರೂಗೆ ನೀರ ಕುಡಸು," ಎಂದು ಎಬ್ಬಿಸಿದ್ದೂ ಉಂಟು. ಒಂದು ಕಾಳು, ಒಂದು ಮಾರ್ಕು, ಅದರಿಂದ ಏನಾದೀತು ಎಂದು ತನಗೆ ತಾನೇ ಹೇಳಿಕೊಂಡಳು. ಆದರೆ ಸೀಟಿನ ಅಂಚಿನಲ್ಲಿ ನಿಂತವರು ಒಂದು ಮಾರ್ಕಿನಲ್ಲೇ ಆಚೆಗೋ ಈಚೆಗೋ ಬೀಳುತ್ತಾರೆ ಅನ್ನುವುದು ತೊಂಬತ್ತೊಂದು ತೆಗೆದವಳಿಗೆ ಗೊತ್ತಿರದೆ ಇರುತ್ತದೆಯೇ? ಹುಕ್ಕೇರಿಯ ಮನೆಯ ಒಲೆಯ ಮುಂದೆ ಕೂತ ಕೆಂಚವ್ವ ಕಣ್ಣ ಮುಂದೆ ಬರುತ್ತಿದ್ದಳು. ಬಂದಾಗ ಮೊದಲು ಸಮಾಧಾನ, ಆಮೇಲೆ ತಾಟು ಸರಿಸಿ ಎದ್ದುಬಿಡುತ್ತಿದ್ದಳು.

ಪರೀಕ್ಷೆಗೆ ನಾಲ್ಕು ದಿನವಿದ್ದಾಗ ಕೆಂಚವ್ವ ಮುಂಜಾನೆ ಎದ್ದವಳೇ ಕಾಣೆಯಾಗತೊಡಗಿದಳು. ಬಿಸಿಲೇರಿದ ಮೇಲೆ ಮುಖ ಕೆಂಪಗೆ ಮಾಡಿಕೊಂಡು ಬರುವಳು. ಕೇಳಿದರೆ, "ಹಂಗ ಅಡ್ಡ್ಯಾಡಾಕ ಹೋಗಿದ್ನಿ," ಅನ್ನುವಳು. ಪರೀಕ್ಷೆಯ ಹಿಂದಿನ ದಿನ, ಮಧ್ಯಾಹ್ನದ ಊಟಕ್ಕೆ ಕೂತಾಗ, ರೊಟ್ಟಿ ಮುರಿಯಲು ಹೋಗಿ ಹಾ ಎಂದು ಕೈ ಹಿಂದೆಗೆದಳು. ದಾಕ್ಷಾಯಿಣಿ ಆ ಕೈ ಹಿಡಿದು ತಿರುಗಿಸಿದಳು. ಅಂಗೈ ತುಂಬ ಗುಳ್ಳೆ. ಎರಡು ಒಡೆದು ಹಸಿಯಾಗಿದ್ದವು.

"ಏನ ಮಾಡ್ಕೊಂಡಿಯೇ ಇದು?"

"ಕುಳೇ ಕಬ್ಬಿನ್ಯಾಗ ಕಸಾ ತಗದೇನ್ರಿ." ಕೆಂಚವ್ವ ನಾಚಿದಳು. "ಬಸ್ಸಿನ್ಯಾಗ ಕೊಣ್ಣೂರ ಹುಡುಗಿ ಒಬ್ಬಾಕಿ ಹೇಳಿದ್ಲು. ಪರೀಕ್ಷಾದಾಗ ಮೊದಲ ಕೈ ನೋಡತಾರಂತ. ಕೈ ಮೆತ್ತಗಿದ್ರ, ನೀ ರೈತರ ಮಗಳ ಅಲ್ಲ ಹೋಗು ಅಂತಾರಂತ."

"ಹುಚ್ಚೀ, ಕೈ ನೋಡಾಕ ಅವರೇನ ಶಾಸ್ತ್ರಾ ಹೇಳಾವರೇನು?"

"ನನಗೇನ ಗೊತ್ರಿ? ಅಪ್ಪಾ ನನ್ನ ಕೈಗೆ ಮಣ್ಣ ಹತ್ತಗೊಡಲಿಲ್ಲ." ಆಕೆ ದಾಕ್ಷಾಯಿಣಿಯ ಅಂಗೈಯನ್ನು ತನ್ನ ಅಂಗೈ ಬಾಜೂ ಹಿಡಿದು ನೋಡಿದಳು. ಬೆರಳ ಬುಡದಲ್ಲಿ ಕಲ್ಲಿನಂತೆ ಕಟ್ಟಿದ ಜಡ್ಡು. "ನಿಮ್ಮ ಕೈ ನೋಡಿದ್ರ ಪರೀಕ್ಷಾ ಇಲ್ಲದನ ಸೀಟ ಕೊಡತಿದ್ರು. ನಾ ಬಟ್ಟಲದ ಮುಂದ ಕುಂತಾಗೆಲ್ಲಾ ನಿಮ್ಮನ್ನ ನೋಡಿ ಹೊಟ್ಟಿ ಉರೀತೈತ್ರಿ ವೈನಿ. ನೀವು ನೋಡೂದೂ ಇಲ್ಲ, ಕೈಯಾಗ ಹಿಡದ ಕೂಡಲೇ ಹೇಳ್ತೀರಿ."

ದಾಕ್ಷಾಯಿಣಿ ಒಳಗೆ ಹೋದಳು. ಅರಿಷಿಣ ಎಣ್ಣೆ ಕಲಸಿ ತಂದು ಗುಳ್ಳೆಗಳಿಗೆ ಹಚ್ಚಿದಳು. ಸಂಕಟ ಹೋಗಿತ್ತು ಅಂತಲ್ಲ. ನಾಳೆ ಧಾರವಾಡದಲ್ಲಿ ಆ ಮೇಜಿನ ಮುಂದೆ ನಿಲ್ಲುವವಳು ಇವಳೇ, ತಾನಲ್ಲ ಎಂಬುದು ಅಂಗೈ ಹಿಡಿದಿದ್ದಾಗಲೂ ಮುಳ್ಳಿನಂತೆ ಒತ್ತುತ್ತಲೇ ಇತ್ತು. ಎಣ್ಣೆಯ ಕೈ ಸೆರಗಿಗೆ ಒರೆಸಿಕೊಂಡು ಎದ್ದಳು. ಪಡಸಾಲೆಗೆ ಹೋಗಿ ಇಪ್ಪತ್ತೆರಡನೆಯ ಬಟ್ಟಲು ತಂದಳು. ನಾಲ್ಕು ಕಾಳು ಅಂಗೈಯಲ್ಲಿ ಹಾಕಿ, ಹೆಬ್ಬೆರಳಿಂದ ಉಜ್ಜಿ ಪುಡಿ ಮಾಡಿ, ನಾದಿನಿಯ ಮೂಗಿನ ಮುಂದೆ ಹಿಡಿದಳು.

"ಮೂಸು."

ಕೆಂಚವ್ವ ಮೂಸಿದಳು. ಹುಬ್ಬು ಗಂಟಿಕ್ಕಿದವು. ಇನ್ನೊಮ್ಮೆ ಮೂಸಿದಳು. "ಉಳ್ಳಾಗಡ್ಡಿ ವಾಸನಿ."

"ಉಳ್ಳಾಗಡ್ಡಿ ಬೀಜಾನ ಅದು."

"ನಾ ಎಳ್ಳು ಅಂತಿದ್ನಲ್ರಿ. ಮೂರ ದಿನ..."

"ಹೂಂ. ನನಗ ಕೇಳಸ್ತಿತ್ತು."

ಒಳಗೆ ಯಲ್ಲವ್ವ ಗಂಗೂಗೆ ಅನ್ನ ಕಲಸಿ ಉಣಿಸುತ್ತಿದ್ದಳು. ಕೆಂಚವ್ವ ವಹಿ ತೆಗೆದು, ಕರಿ ಎಳ್ಳು ಎಂದು ಬರೆದದ್ದರ ಮೇಲೆ ಅಡ್ಡಗೆರೆ ಎಳೆದಳು. ಗುಳ್ಳೆಯ ಕೈಗೆ ಪೆನ್ನು ಹಿಡಿಯಲು ಬಾರದೆ ಅಕ್ಷರ ಸೊಟ್ಟಗಾದವು. ಬರೆದಾದ ಮೇಲೂ ತಲೆ ಎತ್ತಲಿಲ್ಲ. ದಾಕ್ಷಾಯಿಣಿ ಬೈಗುಳಕ್ಕೆ ಕಾದಳು, ಅಳುವಿಗೆ ಕಾದಳು, ಅತ್ತೆಯನ್ನು ಕೂಗುವುದಕ್ಕೂ ಕಾದಳು.

ಆಗ ಮಲ್ಲೇಶ ಹೊಲದಿಂದ ಬಂದು ಕೈಕಾಲು ತೊಳೆಯುತ್ತ, "ಕೆಂಚೀ, ನಾಳೆ ಮುಂಜಾನೆ ಐದರ ಬಸ್ಸಿಗೆ ಹೋಗೂನು. ಲಗೂ ಏಳು," ಎಂದ.

"ನೀ ಬ್ಯಾಡಣ್ಣಾ," ಎಂದಳು ಕೆಂಚವ್ವ.

"ಮತ್ತ ಯಾರ ಬರಬೇಕು, ನಮ್ಮ ಅಜ್ಜಿ?"

ಕೆಂಚವ್ವ ವಹಿ ಮುಚ್ಚಿದಳು. ಉಳ್ಳಾಗಡ್ಡಿ ಬೀಜದ ಬಟ್ಟಲನ್ನು ಎತ್ತಿಕೊಂಡು ದಾಕ್ಷಾಯಿಣಿಯ ಕೈಗಿಟ್ಟಳು. ಕಣ್ಣು ತುಂಬಿದ್ದವು, ದನಿ ಮಾತ್ರ ಗಟ್ಟಿಯಿತ್ತು.

"ವೈನಿ, ನೀವ ಬರ್ರಿ. ಕಾಳೆಲ್ಲಾ ಚೀಟ್ಯಾಗ ಕಟಗೊಂಡ ಬರ್ರಿ. ಧಾರವಾಡ ಮುಟ್ಟೂತನಕ ಬಸ್ಸಿನ್ಯಾಗ ಒಂದೊಂದ ಕೈಯಾಗ ಹಾಕಿ ಕೇಳ್ರಿ. ನಾ ತಪ್ಪ ಹೇಳಿದ್ರ ಈ ಸಲ ಸುಮ್ನ ಕುಂದರಬ್ಯಾಡ್ರಿ."